ಹ್ಯಾಮ್ ರೇಡಿಯೊ: 5 ವ್ಯಾಟಿನಲ್ಲಿ ಎಫ್‌ಟಿ8 ಸರಿ, 40 ವ್ಯಾಟಿಗೆ ಹೋದರೆ ಕೈಕೊಡುತ್ತದೆ. ಎಲ್ಲಿ ಹುಡುಕಲಿ?

ಡಿಟ್‌ಡಾ ಮುದುಕ

ಇಪ್ಪತ್ತೆರಡು ವರ್ಷ ಮೋರ್ಸ್ ಬಿಟ್ಟು ಬೇರೆ ಮೋಡ್ (ಸಂದೇಶ ಕಳಿಸುವ ವಿಧಾನ) ಮುಟ್ಟಿದವನಲ್ಲ ನಾನು. ಈಗ ಎಡಗಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುವ ಸದ್ದು. ಅದು ಬಂದು ಕೂತಿರುವುದೂ ಸರಿಯಾಗಿ ನನ್ನ ಸೈಡ್‌ಟೋನಿನ (ಕೀ ಒತ್ತಿದಾಗ ನನಗೇ ಕೇಳುವ ಬೀಪ್) ಸ್ವರದ ಮೇಲೇ! ಸಣ್ಣ ಸಿಗ್ನಲ್ ಬಂದರೆ ಅದು ಸ್ಟೇಷನ್ನೋ ನನ್ನ ಕಿವಿಯೋ ತಿಳಿಯುವುದಿಲ್ಲ. ಹಾಗಾಗಿ ಇನ್ನು ಕಣ್ಣಲ್ಲೇ ಕೇಳೋಣ ಅಂತ ಎಫ್‌ಟಿ8ಗೆ ಬಂದೆ; ಇದರಲ್ಲಿ ಕಂಪ್ಯೂಟರೇ ಚಿಕ್ಕ ಸಂದೇಶಗಳನ್ನು ಸ್ವರಗಳಾಗಿ ಕಳಿಸಿ, ಬಂದದ್ದನ್ನು ಸ್ಕ್ರೀನ್ ಮೇಲೆ ಬರೆದು ತೋರಿಸುತ್ತದೆ.

ಸೆಟಪ್ ಹೀಗಿದೆ. 100 ವ್ಯಾಟಿನ ಹಳೇ ರಿಗ್ (ರೇಡಿಯೊ ಸೆಟ್), ಅದರಲ್ಲಿ ಯುಎಸ್‌ಬಿ ಪೋರ್ಟ್ ಇಲ್ಲ. (ಯುಎಸ್‌ಬಿ ಅಂದರೆ ಅಪ್ಪರ್ ಸೈಡ್‌ಬ್ಯಾಂಡ್ ಅನ್ನುವ ರೇಡಿಯೊ ಮೋಡ್ ಅಂತಲೇ ಬದುಕಿದವನು ನಾನು, ಈಗ ಎರಡು ಯುಎಸ್‌ಬಿಗಳ ಮಧ್ಯೆ ಸಿಕ್ಕಿಕೊಂಡಿದ್ದೇನೆ.) ಹೊರಗೆ ಒಂದು ಚಿಕ್ಕ ಸೌಂಡ್ ಕಾರ್ಡ್. ಕ್ಯಾಟ್ (ಕಂಪ್ಯೂಟರಿನಿಂದ ರಿಗ್ ನಿಯಂತ್ರಣ) ಮತ್ತು ಪಿಟಿಟಿಗೆ (ಟ್ರಾನ್ಸ್‌ಮಿಟ್ ಆನ್-ಆಫ್) ಒಂದು ಸೀರಿಯಲ್ ಕೇಬಲ್. ಲ್ಯಾಪ್‌ಟಾಪಿನಲ್ಲಿ ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನುವ ಎಫ್‌ಟಿ8 ಪ್ರೋಗ್ರಾಂ. ಆಂಟೆನಾ ಎಂಡ್-ಫೆಡ್ ಹಾಫ್ ವೇವ್, ಅಂದರೆ ಒಂದು ತುದಿಯಿಂದ ಸಿಗ್ನಲ್ ಕೊಡುವ ಅರ್ಧ ತರಂಗದ ಉದ್ದದ ತಂತಿ, ಸುಮಾರು 20 ಮೀಟರ್. ತಂತಿಯನ್ನು ಕೇಬಲ್ಲಿಗೆ ಹೊಂದಿಸುವ ಅದರ 49:1 ಟ್ರಾನ್ಸ್‌ಫಾರ್ಮರ್ ಕಿಟಕಿಯ ಹೊರಗೇ ಇದೆ, ಮೇಜಿನಿಂದ ಎರಡು ಮಾರು ದೂರ.

ರಿಸೀವ್ ಚೆನ್ನಾಗಿದೆ. ಸಂಜೆ 7.074 ಮೆಗಾಹರ್ಟ್ಜ್‌ನಲ್ಲಿ ಪ್ರತಿ 15 ಸೆಕೆಂಡಿಗೂ ಇಪ್ಪತ್ತು, ಮೂವತ್ತು ಸಾಲು ಬೀಳುತ್ತವೆ. ಸ್ಪೀಕರಿನಲ್ಲಿ ಬರೀ ಮೊರೆತ, ಸ್ಕ್ರೀನ್ ಮೇಲೆ ಮೈನಸ್ 19 ಡೆಸಿಬಲ್ ಅಂತ ಯಾರದ್ದೋ ಕರೆ.

ತೊಂದರೆ ಇರುವುದು ಟ್ರಾನ್ಸ್‌ಮಿಟ್‌ನಲ್ಲಿ. 5 ವ್ಯಾಟ್ ಇಟ್ಟರೆ ನನ್ನ ಸಿಗ್ನಲ್ ಎಲ್ಲೆಲ್ಲಿ ಕೇಳಿತು ಅಂತ ತೋರಿಸುವ ಪಿಎಸ್‌ಕೆ ರಿಪೋರ್ಟರ್ ನಕ್ಷೆಯಲ್ಲಿ ಒಂದೆರಡು ಚುಕ್ಕೆ ಬೀಳುತ್ತದೆ. 40 ವ್ಯಾಟ್ ಇಟ್ಟರೆ ಒಂದೂ ಇಲ್ಲ! ಮೂರು ನಾಲ್ಕು ಸೆಕೆಂಡಿಗೆ ಲ್ಯಾಪ್‌ಟಾಪು 'ಟಣ್' ಅನ್ನುತ್ತದೆ, ಆಮೇಲೆ ರಿಗ್ ಟ್ರಾನ್ಸ್‌ಮಿಟ್‌ನಲ್ಲೇ ಅಂಟಿಕೊಳ್ಳುತ್ತದೆ. ನಿನ್ನೆ ಸಪ್ಲೈ ವೈರನ್ನೇ ಕಿತ್ತು ನಿಲ್ಲಿಸಿದೆ. ಡ್ರೈವರ್ ಎರಡು ಸಲ ಹಾಕಿ ನೋಡಿದೆ, ಕೇಬಲ್ ಬದಲಿಸಿದೆ. ಜಾಸ್ತಿ ಪವರ್ ಕೊಟ್ಟರೆ ಕಡಿಮೆ ಕೇಳಿಸುವುದು ಅಂದರೆ ಏನು ಲೆಕ್ಕ ಇದು?

ವಾಟರ್‌ಫಾಲ್ ಕಾವಲು

ಮೊದಲು ಗಡಿಯಾರ ನೋಡಿ ಸರ್. ಡಿಟಿ (ಸಮಯದ ವ್ಯತ್ಯಾಸ, ಸೆಕೆಂಡಿನಲ್ಲಿ) ಕಾಲಮ್ಮಿನಲ್ಲಿ ಎಲ್ಲರದ್ದೂ ಒಂದೇ ಕಡೆಗೆ 1.5, 1.6 ಅಂತ ಇದ್ದರೆ ತಪ್ಪಿರುವುದು ಅವರಲ್ಲ, ನೀವು. ಆಮೇಲೆ ಎಎಲ್‌ಸಿ, ಅಂದರೆ ಆಡಿಯೊ ಜಾಸ್ತಿಯಾದರೆ ರಿಗ್ ತಾನೇ ತಗ್ಗಿಸುವ ವ್ಯವಸ್ಥೆ. ಮೀಟರ್ ಸೊನ್ನೆ ಬಿಟ್ಟು ಏಳದಷ್ಟು ಪ್ರೋಗ್ರಾಮಿನ ಪಿಡಬ್ಲ್ಯುಆರ್ (ಪವರ್) ಸ್ಲೈಡರ್ ಇಳಿಸಿ. ಅದರ ಸೆಟ್ಟಿಂಗಿನ ಸ್ಪ್ಲಿಟ್‌ನಲ್ಲಿ 'ಫೇಕ್ ಇಟ್' ಆನ್ ಇರಲಿ. ನೀವು 700 ಹರ್ಟ್ಜ್‌ನಲ್ಲಿ ಕೂತು ಆಡಿಯೊ ಜಾಸ್ತಿ ತುಂಬಿದರೆ 1400, 2100ರಲ್ಲೂ ನಿಮ್ಮ ನೆರಳು ಬೀಳುತ್ತದೆ. ಫೇಕ್ ಇಟ್ ನಿಮ್ಮ ಸ್ವರವನ್ನು 1500-2000ದ ಒಳಗೇ ಇಟ್ಟು ಡಯಲನ್ನು ಸರಿಸುತ್ತದೆ. ಆಗ ಎರಡರಷ್ಟು ಅಂದರೂ 3000 ಆಯಿತು, ಅದನ್ನು ರಿಗ್ಗಿನ ಫಿಲ್ಟರೇ ತಡೆಯುತ್ತದೆ.

ಟೊರಾಯ್ಡ್ ತಾತ

ಮೇಲಿನವರು ಹೇಳಿದ್ದು ಸರಿ, ಮಾಡಿ. ಆದರೆ ನಿಮ್ಮ ರೋಗ ಅದಲ್ಲ. ಗಡಿಯಾರ ತಪ್ಪಿದ್ದರೆ 5 ವ್ಯಾಟಿನಲ್ಲೂ ತಪ್ಪಬೇಕಿತ್ತು ಅಲ್ವಾ?

ಆ 'ಟಣ್' ಇದೆಯಲ್ಲ, ಅದು ಯುಎಸ್‌ಬಿ ಸಾಧನ ಕಳಚಿಕೊಂಡ ಸದ್ದು. ನಿಮ್ಮ ಆರ್‌ಎಫ್ (ರೇಡಿಯೊ ತರಂಗದ ಶಕ್ತಿ) ಕೇಬಲ್ ಹಿಡಿದು ಮೇಜಿಗೇ ವಾಪಸ್ ಬರುತ್ತಿದೆ. ಸೀರಿಯಲ್ ಚಿಪ್ ತಲೆ ತಿರುಗಿ ಬೀಳುತ್ತದೆ, ಪಿಟಿಟಿ ಬಿಡು ಅಂತ ಹೇಳುವವರೇ ಇರುವುದಿಲ್ಲ, ರಿಗ್ ಅಂಟಿಕೊಳ್ಳುತ್ತದೆ. ಎಫ್‌ಟಿ8 ಒಂದು ಸರದಿ 12.64 ಸೆಕೆಂಡ್ ಹೋಗಬೇಕು. ನಾಲ್ಕನೇ ಸೆಕೆಂಡಿಗೇ ಆಡಿಯೊ ನಿಂತರೆ ಆ ಕಡೆಯವರು ಏನನ್ನು ಡಿಕೋಡ್ ಮಾಡಬೇಕು? ಆಮೇಲೆ ಹೊರಗೆ ಹೋಗುವುದು ಹೆಚ್ಚುಕಡಿಮೆ ಏನೂ ಇಲ್ಲ.

ಒಂದು ಪೈಸೆ ಖರ್ಚು ಮಾಡುವ ಮೊದಲು ಆಂಟೆನಾ ಬದಲು ಡಮ್ಮಿ ಲೋಡ್ (ಪವರನ್ನು ಹೊರಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ. ಅದೇ 40 ವ್ಯಾಟ್, ಅದೇ ಕೇಬಲ್‌ಗಳು. ಹತ್ತು ಸರದಿ ಅಳುಕದೆ ಹೋದರೆ ಲ್ಯಾಪ್‌ಟಾಪು, ಡ್ರೈವರು ಎಲ್ಲ ನಿರಪರಾಧಿ. ತಪ್ಪು ಹೊರಗಿನ ತಂತಿಯದ್ದು.

ಎಂಡ್-ಫೆಡ್‌ನವರು 'ಕೌಂಟರ್‌ಪಾಯ್ಸ್ (ಕರೆಂಟು ವಾಪಸ್ ಬರಲು ಇನ್ನೊಂದು ತಂತಿ) ಬೇಡ' ಅಂತ ಹೇಳಿ ಮಾರುತ್ತಾರೆ. ಬೇಡ ಅಂದರೆ ಇಲ್ಲ ಅಂತಲ್ಲ, ನಿಮ್ಮ ಕೋಆಕ್ಸಿನ (ಆಂಟೆನಾಕ್ಕೆ ಹೋಗುವ ಕೇಬಲ್) ಹೊರ ಮೈಯೇ ಆ ಕೆಲಸ ಮಾಡುತ್ತಿದೆ. ಅದರ ಜೊತೆ ಸೀರಿಯಲ್ ಕೇಬಲ್ಲು, ಮೌಸು, ಚಾರ್ಜರು, ಕೊನೆಗೆ ನೀವೂ. ನಾನು ಹೀಗೇ ಒಂದು ಸಲ ಮೈಕಿನ ಕಬ್ಬಿಣಕ್ಕೆ ತುಟಿ ತಾಗಿಸಿ ಚುರ್ ಅಂತ ಸುಟ್ಟುಕೊಂಡಿದ್ದೇನೆ, ಆಗಲೇ ನಂಬಿದ್ದು.

ಮದ್ದು: ಕೋಆಕ್ಸಿಗೆ ಚೋಕ್, ಅಂದರೆ ಹೊರ ಮೈಯ ಆರ್‌ಎಫ್ ತಡೆಯುವ ಸುರುಳಿ. 31 ಅಥವಾ 43 ಮಿಕ್ಸ್‌ನ ದೊಡ್ಡ ಫೆರೈಟ್ ರಿಂಗ್ ಮೇಲೆ ತೆಳು ಕೋಆಕ್ಸ್ ಹತ್ತು ಹನ್ನೆರಡು ಸುತ್ತು. ಟ್ರಾನ್ಸ್‌ಫಾರ್ಮರಿನ ಬುಡಕ್ಕೇ ಹಾಕಬೇಡಿ, ಪಾಪ ಅದಕ್ಕೂ ಕಾಲೂರಲು ಜಾಗ ಬೇಕು. ಒಂದೆರಡು ಮೀಟರ್ ಕೋಆಕ್ಸ್ ಬಿಟ್ಟು, ಶ್ಯಾಕ್ (ರೇಡಿಯೊ ಕೋಣೆ) ಒಳಗೆ ಬರುವ ಕಡೆ ಹಾಕಿ. ಯುಎಸ್‌ಬಿ ಕೇಬಲ್ಲಿಗೂ ರಿಂಗ್ ಹಾಕಿ, ಆದರೆ ಕ್ಲಿಪ್ಪಿನ ಥರದ್ದನ್ನು ಸುಮ್ನೆ ಒಂದು ಸಲ ಕಚ್ಚಿಸಿ ಬಿಟ್ಟರೆ 7 ಮೆಗಾಹರ್ಟ್ಜ್‌ನಲ್ಲಿ ಅದು ಬರೀ ಅಲಂಕಾರ. ಸುತ್ತು ಎರಡರಷ್ಟಾದರೆ ಇಂಡಕ್ಟೆನ್ಸ್ ನಾಲ್ಕರಷ್ಟು. ಐದಾರು ಸುತ್ತು ಹಾಕಿ.

ಇನ್ನೊಂದು. ಆ ಟಣ್ ಸದ್ದು ಯಾವ ಸ್ಪೀಕರಿನಲ್ಲಿ ಬಂತು, ನೋಡಿದಿರಾ?

ಡಿಟ್‌ಡಾ ಮುದುಕ

ತಾತಾ, ಸ್ಪೀಕರಿನ ಮಾತು ಓದಿ ಬೆವರಿಬಿಟ್ಟೆ. ವಿಂಡೋಸ್ ತನ್ನ ಸದ್ದುಗಳನ್ನೆಲ್ಲ ರಿಗ್ಗಿನ ಸೌಂಡ್ ಕಾರ್ಡಿಗೇ ಕಳಿಸುತ್ತಿತ್ತು! ಟಣ್ ನನಗೆ ಕೇಳಿದ್ದು ರಿಗ್ಗಿನ ಮಾನಿಟರಿನಲ್ಲಿ. ಮೇಲ್ ಬಂದಾಗಿನ ಟಿಂಗ್ ಕೂಡ 7.074ರಲ್ಲಿ ಎಷ್ಟು ಸಲ ಹೋಗಿದೆಯೋ. ಡೀಫಾಲ್ಟ್ ಬದಲಿಸಿದೆ, ಸಿಸ್ಟಮ್ ಸದ್ದು ಪೂರ್ತಿ ಬಂದ್.

ಡಮ್ಮಿ ಲೋಡಿನಲ್ಲಿ ಹತ್ತಲ್ಲ, ಇಪ್ಪತ್ತು ಸರದಿ ಹೋಯಿತು. ಒಂದು ಸಲವೂ ಕಳಚಲಿಲ್ಲ. ನೀವು ಹೇಳಿದ್ದೇ ಸರಿ.

ಹಳೆ ಡಬ್ಬಿಯಲ್ಲಿ 43 ಮಿಕ್ಸಿನ ಒಂದು ರಿಂಗ್ ಸಿಕ್ಕಿತು. ಹನ್ನೊಂದು ಸುತ್ತಿಗೆ ಕೋಆಕ್ಸ್ ಮುಗಿಯಿತು. ಕಿಟಕಿಯ ಒಳಬದಿಗೆ ಹಾಕಿದೆ. ಈಗ 30 ವ್ಯಾಟ್ ತನಕ ಗಟ್ಟಿ. 40ಕ್ಕೆ ಹೋದರೆ ಮೌಸ್ ಒಂಚೂರು ನಡುಗುತ್ತದೆ. ಸೀರಿಯಲ್ ಕೇಬಲ್ಲಿಗೆ ಇನ್ನೊಂದು ರಿಂಗ್ ಬೇಕು. ಅಲ್ಲಿಯ ತನಕ 30 ಸಾಕು, ಹೇಗೂ ಸರದಿಪೂರ್ತಿ ಫುಲ್ ಪವರ್ ಹೋಗುವ ಮೋಡ್ ಇದು, ಹಳೇ ರಿಗ್ಗಿನ ಬೆನ್ನು ಬಿಸಿಯಾಗುತ್ತದೆ. ರಾತ್ರಿ ಹನ್ನೆರಡು ಸ್ಟೇಷನ್ ಲಾಗ್ ಆದವು.

ಈಗ ಬೇರೆ ಗೊಣಗಾಟ. ಹನ್ನೆರಡರಲ್ಲಿ ಯಾರ ಜೊತೆಗೂ ಮಾತಾಡಿದ ಹಾಗೆ ಅನ್ನಿಸಲಿಲ್ಲ. ಕಾಲ್‌ಸೈನ್, ಗ್ರಿಡ್ (ನಕ್ಷೆಯಲ್ಲಿ ಜಾಗದ ಗುರುತು), ರಿಪೋರ್ಟ್, 73 (ಬೀಳ್ಕೊಡುವ ನಮಸ್ಕಾರ), ಮುಗೀತು. ಕೀಯಲ್ಲಿ ಕೈ ಬರಹ ಅಂತ ಒಂದು ಇರುತ್ತಿತ್ತು.

ಕೀಬೋರ್ಡ್ ಹರಟೆ

ಎಫ್‌ಟಿ8 ಸಂದೇಶ ಒಂದಕ್ಕೆ 77 ಬಿಟ್, ಅಷ್ಟರಲ್ಲಿ ಯಾರು ಕಷ್ಟಸುಖ ಹೇಳಿಕೊಳ್ಳುತ್ತಾರೆ ಸರ್? 2017ರಲ್ಲಿ ಜೋ ಟೇಲರ್, ಸ್ಟೀವ್ ಫ್ರಾಂಕ್ ಅದನ್ನು ಮಾಡಿದ್ದೇ ಚಿಕ್ಕದಾಗಿ, ಬೇಗ ಮುಗಿಯಲಿ ಅಂತ. ಹರಟೆ ಬೇಕಿದ್ದರೆ ಜೆಎಸ್8ಕಾಲ್ ಹಾಕಿ. ಒಳಗಿನ ಸಿಗ್ನಲ್ ಎಫ್‌ಟಿ8ರಿಂದಲೇ ಬಂದದ್ದು, ಆದರೆ ನೀವು ಟೈಪ್ ಮಾಡಿದ್ದು ಹೋಗುತ್ತದೆ. 7.078ರಲ್ಲಿ ಸಿಗುತ್ತಾರೆ. ನಿಧಾನ, ತಾಳ್ಮೆ ಬೇಕು.

ನಿಮ್ಮಂಥ ಮೋರ್ಸ್‌ನವರಿಗೆ ನಾನು ಟೈಪ್ ಮಾಡಿ ಮಾತಾಡುವ ಪಿಎಸ್‌ಕೆ31 ಮೋಡ್ ಹೇಳುತ್ತೇನೆ. ಪೀಟರ್ ಮಾರ್ಟಿನೆಜ್ 1998ರಲ್ಲಿ ಕೊಟ್ಟದ್ದು. ಅದರ ವೇರಿಕೋಡ್ (ಅಕ್ಷರಕ್ಕೊಂದು ಬಿಟ್ ಸಾಲು) ನೋಡಿ, ನಿಮಗೆ ಖುಷಿಯಾಗುತ್ತದೆ: ಇಂಗ್ಲಿಷಿನ 'ಇ' ಅಕ್ಷರಕ್ಕೆ ಬರೀ 11, 'ಟಿ'ಗೆ 101. ಜಾಸ್ತಿ ಬರುವ ಅಕ್ಷರ ಚಿಕ್ಕದು, ನಿಮ್ಮ ಡಿಟ್, ಡಾ ಲೆಕ್ಕವೇ. ದೊಡ್ಡಕ್ಷರದಲ್ಲಿ ಮಾತ್ರ ಟೈಪ್ ಮಾಡಬೇಡಿ, ಕೋಡ್ ಉದ್ದವಾಗಿ ಎಳೆಯುತ್ತದೆ. 14.070ರ ಸುತ್ತ ಹುಡುಕಿ. ಎಫ್‌ಟಿ8ರಷ್ಟು ಸಣ್ಣ ಸಿಗ್ನಲ್ ಹಿಡಿಯುವುದಿಲ್ಲ, ಜನವೂ ಈಗ ಕಡಿಮೆ. ಆದರೆ ಸಿಕ್ಕವರು ಮಾತಾಡುವವರು.

ಡಿಟ್‌ಡಾ ಮುದುಕ

'ಇ'ಗೆ 11! ಮೊದಲೇ ಯಾರಾದರೂ ಹೇಳಬಾರದಿತ್ತೇ. ನಾಳೆ ಬೆಳಿಗ್ಗೆ 14.070ರಲ್ಲಿ ಕೂರುತ್ತೇನೆ. ಎರಡು ಬೆರಳಿನಲ್ಲಿ ಟೈಪ್ ಮಾಡುವವನು, ಸಿಕ್ಕರೆ ಸ್ವಲ್ಪ ಕಾಯಿರಿ. 73