‘ಫಿಯಾನ್ಸೆ’ಗೆ ಕನ್ನಡದಲ್ಲಿ ಏನಂತೀರಿ? ಜೊತೆಗೆ ಕಂಕಣ, ಲಗ್ನಪತ್ರಿಕೆ ಗೊಂದಲ

ಎಲ್ಲರಿಗೂ ನಮಸ್ಕಾರ. ನಾನು ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ಈಗ ಒಂದೆರಡು ಪದ ಬೇಕಾಗಿದೆ, ಅದೂ ಸ್ವಲ್ಪ ಅರ್ಜೆಂಟಾಗಿ, ಹಾಗಾಗಿ ಕಥೆ ಉದ್ದ ಆದ್ರೂ ದಯವಿಟ್ಟು ಓದಿ.

ನನ್ ತಮ್ಮ ಅಮೆರಿಕಾದಲ್ಲಿದಾನೆ, ಅಲ್ಲಿನ ಸಿಟಿಜನ್ನೂ ಆಗಿದಾನೆ. ಅವನ ಸಂಗಾತಿ ಚಿಯಾಂಗ್ ಮಾಯ್ ಕಡೆಯ ಥಾಯ್ ಹುಡುಗ. (ಹೌದು, ಹುಡುಗನೇ. ಮನೇಲಿ ಆಗಬೇಕಾದ ಗಲಾಟೆ ಎಲ್ಲಾ ಆರು ವರ್ಷದ ಹಿಂದೆಯೇ ಆಗಿ ಮುಗಿದಿದೆ, ಅದನ್ನ ಮತ್ತೆ ಇಲ್ಲಿ ಶುರು ಮಾಡಬೇಡಿ ಪ್ಲೀಸ್.) ಈಗ ಅವನನ್ನ ಅಮೆರಿಕಾಗೆ ಕರೆಸಿಕೊಳ್ಳಬೇಕು, ಸಂಬಂಧ ನಿಜ ಅಂತ ತೋರಿಸೋಕೆ ಮನೆಯವರದ್ದೂ ಒಂದು ಪತ್ರ ಇದ್ರೆ ಒಳ್ಳೇದು ಅಂತ ತಮ್ಮ ಕೇಳಿದ, ತೀರ್ಥಹಳ್ಳಿಯಲ್ಲಿ ಅಮ್ಮ ಕೂತು ಎರಡು ಪುಟ ಕೈಯಲ್ಲೇ ಬರೆದ್ರು, ಏನು ಚಂದ ಬರೆದಿದ್ರು ಅಂದ್ರೆ ನನಗೇ ಕಣ್ಣಲ್ಲಿ ನೀರು ಬಂತು. ಅಲ್ಲಿನ ಇಮಿಗ್ರೇಷನ್‌ಗೆ ಇಂಗ್ಲಿಷಲ್ಲದ ಯಾವ ಕಾಗದ ಕೊಟ್ರೂ ಪೂರ್ತಿ ಅನುವಾದ ಲಗತ್ತಿಸಬೇಕು, ಅನುವಾದ ಮಾಡಿದವರು ನನಗೆ ಎರಡೂ ಭಾಷೆ ಬರುತ್ತೆ, ಇದು ಸರಿಯಾಗಿದೆ ಅಂತ ಸಹಿ ಹಾಕಬೇಕು. ನಾನು ಸೋಮಾರಿತನ ಮಾಡಿ ಟೈಪಿಂಗ್ ಅಂಗಡಿಯೊಂದರಲ್ಲಿ ಕೊಟ್ಟುಬಿಟ್ಟೆ. ಅಲ್ಲೇ ಎಡವಟ್ಟಾಗಿದ್ದು.

ಅಮ್ಮ ಬರೆದಿದ್ದು: ಹೋದ ಡಿಸೆಂಬರ್‌ನಲ್ಲಿ ನಾವು ಚಿಯಾಂಗ್ ಮಾಯ್‌ಗೆ ಹೋಗಿದ್ವಿ, ಅಲ್ಲಿ ಹಿರಿಯರು ಇಬ್ಬರ ಕೈಗೂ ಕಂಕಣ ಕಟ್ಟಿ ಹರಸಿದರು, ಊರಿಗೆ ಬಂದ ಮೇಲೆ ಲಗ್ನಪತ್ರಿಕೆ ಶಾಸ್ತ್ರ ಮಾಡಿದೆವು, ನಮ್ಮ ಅಳಿಯ ಬಹಳ ಒಳ್ಳೆಯವನು. (ಲಗ್ನಪತ್ರಿಕೆ ಅಂದ್ರೆ ಏನಿಲ್ಲ, ಪುರೋಹಿತರನ್ನ ಕೇಳೋ ಗೋಜಿಗೇ ಹೋಗ್ಲಿಲ್ಲ, ಅಮ್ಮನೇ ಅರಿಶಿನ ಹಚ್ಚಿದ ಹಾಳೆ ಮೇಲೆ ಇಬ್ಬರ ಹೆಸರು ಬರೆದು ಎಲೆ ಅಡಿಕೆ ಜೊತೆ ದೇವರ ಮುಂದೆ ಇಟ್ರು ಅಷ್ಟೇ.) ಅನುವಾದದಲ್ಲಿ ಕಂಕಣ ಹೋಗಿ ‘ವೆಡ್ಡಿಂಗ್ ಬ್ಯಾಂಡ್’, ಅಂದ್ರೆ ಮದುವೆ ಉಂಗುರ ಆಗಿದೆ, ಲಗ್ನಪತ್ರಿಕೆ ‘ಮ್ಯಾರೇಜ್ ಸರ್ಟಿಫಿಕೇಟ್’ ಆಗಿದೆ, ಅಳಿಯ ಬಿಡಿ, ಅದಂತೂ ‘ಸನ್ ಇನ್ ಲಾ’ನೇ. ಸ್ಕ್ಯಾನ್ ಕಳಿಸಿದ ಹತ್ತು ನಿಮಿಷಕ್ಕೆ ತಮ್ಮನ ಫೋನು, ‘ಅಕ್ಕಾ ಇದನ್ನ ಹಾಕಿದ್ರೆ ನನ್ ಕೇಸೇ ಮುಳುಗುತ್ತೆ ಕಣೇ’ ಅಂತ.

ಯಾಕೆ ಅಂತ ಹೇಳ್ತೀನಿ, ಯಾಕಂದ್ರೆ ಪದದ ಪ್ರಶ್ನೆ ಇರೋದೇ ಅಲ್ಲಿ. ಕರೆಸಿಕೊಳ್ಳೋಕೆ ಮುಖ್ಯವಾಗಿ ಎರಡು ದಾರಿ. ಒಂದು ಕೆ-1, ಅಂದ್ರೆ ಫಿಯಾನ್ಸೆ (ಮದುವೆ ನಿಶ್ಚಯ ಆಗಿರೋವ್ರ) ವೀಸಾ. ಇದಕ್ಕೆ ಮದುವೆ ಆಗಿರಲೇಬಾರದು, ಆದ್ರೆ ಆಗೋ ಉದ್ದೇಶ ಇರಬೇಕು, ಅರ್ಜಿ ಹಾಕೋಕೆ ಹಿಂದಿನ ಎರಡು ವರ್ಷದೊಳಗೆ ಒಂದು ಸಲನಾದ್ರೂ ಮುಖತಃ ಭೇಟಿ ಆಗಿರಬೇಕು, ಅಮೆರಿಕಾದಲ್ಲಿ ಇಳಿದ 90 ದಿನದೊಳಗೆ ಅರ್ಜಿ ಹಾಕಿದವರನ್ನೇ ಮದುವೆ ಆಗಬೇಕು, ಆಮೇಲೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ. ಇನ್ನೊಂದು ಸಿಆರ್-1, ಗಂಡ ಹೆಂಡತಿ ವೀಸಾ. ಮೊದಲು ಮದುವೆ, ಆಮೇಲೆ ಐ-130 ಅರ್ಜಿ, ವೀಸಾ ತಗೊಂಡು ಇಳಿದ ದಿನದಿಂದಲೇ ಗ್ರೀನ್ ಕಾರ್ಡಿನವನು, ಕೆಲಸಕ್ಕೂ ಸೇರಬಹುದು. ಕೆ-1ರಲ್ಲಿ ಬಂದವರು ವರ್ಕ್ ಪರ್ಮಿಟ್ ಸಿಗೋವರೆಗೂ ಮನೇಲಿ ಕೂರಬೇಕು. ದುಡ್ಡಿನ ಲೆಕ್ಕದಲ್ಲೂ ಕೆ-1 ದುಬಾರಿ, 2024ರ ಏಪ್ರಿಲ್‌ನ ದರಪಟ್ಟಿ ಪ್ರಕಾರ ಮೊದಲ ಅರ್ಜಿಗೆ 675 ಡಾಲರು, ಅಲ್ಲಿ ಹೋದ ಮೇಲೆ ಗ್ರೀನ್ ಕಾರ್ಡ್ ಅರ್ಜಿಗೆ ಇನ್ನೂ 1,440.

ಈ ಎರಡರ ಮಧ್ಯೆ ಸಿಕ್ಕಿಹಾಕಿಕೊಳ್ಳೋದು ಇದೆಯಲ್ಲ, ಅದೇ ತಮ್ಮನ ಭಯ. ಶಾಸ್ತ್ರ ಮಾಡಿ ಫೋಟೋ ತೆಗೆಸಿ ರಿಜಿಸ್ಟರ್ ಮಾತ್ರ ಮಾಡಿಸದೇ ಇರೋವ್ರನ್ನ ನೋಡಿ ವೀಸಾ ಆಫೀಸರ್‌ಗಳು ‘ನೀವು ಆಗಲೇ ಮದುವೆ ಆದೋರ ಥರ ಇದೀರಿ, ಕೆ-1 ಆಗಲ್ಲ’ ಅಂತಾರಂತೆ. ಹೋಗ್ಲಿ ಸಿಆರ್-1 ಹಾಕೋಣ ಅಂದ್ರೆ ಥಾಯ್ಲೆಂಡಲ್ಲಿ ಶಾಸ್ತ್ರಕ್ಕೆ ಕಾನೂನಲ್ಲಿ ಬೆಲೆ ಇಲ್ಲ, ‘ಆಂಫೋ’ ಅಂದ್ರೆ ನಮ್ಮ ತಾಲೂಕು ಕಚೇರಿ ಥರದ್ದು, ಅಲ್ಲಿ ನೋಂದಣಿ ಆದ್ರೆ ಮಾತ್ರ ಮದುವೆ. ನಮ್ಮಮ್ಮನ ಪತ್ರ ಇವರನ್ನ ಅತ್ತ ಮದುವೆ ಆಗದವರೂ ಅಲ್ಲ ಇತ್ತ ಆದವರೂ ಅಲ್ಲ ಅನ್ನೋ ಜಾಗದಲ್ಲಿ ತಂದು ನಿಲ್ಲಿಸಿಬಿಟ್ಟಿದೆ.

ಅಮ್ಮನದೇನೂ ತಪ್ಪಿಲ್ಲ. ಅವರು ಕಂಕಣ ಅಂತ ಬರೆದಿದ್ದು ಕೈಗೆ ಬಿಳಿ ನೂಲು ಕಟ್ಟೋ ಶಾಸ್ತ್ರನ, ಅದನ್ನ ಅಲ್ಲಿ ಮದುವೆಗೂ ಮಾಡ್ತಾರೆ, ಹೊಸ ವರ್ಷಕ್ಕೂ ಮಾಡ್ತಾರೆ, ಮನೆಗೆ ನೆಂಟರು ಬಂದ್ರೂ ಮಾಡ್ತಾರೆ, ನನಗೂ ಅಮ್ಮನಿಗೂ ಸಹ ಕಟ್ಟಿದ್ರು. ಆದ್ರೆ ಕಂಕಣ ಅಂದ ತಕ್ಷಣ ಕನ್ನಡದವರ ಕಿವಿಗೆ ಮದುವೆನೇ ತಾನೆ? ಕಂಕಣ ಬಲ ಕೂಡಿ ಬಂತು ಅಂದ್ರೆ ಇನ್ನೇನು ಅರ್ಥ. ಲಗ್ನ ಅನ್ನೋದೂ ಹಾಗೇ, ನಮ್ಮ ಕಡೆ ಅದು ಮುಹೂರ್ತ, ಧಾರವಾಡದ ಕಡೆಯವರಿಗೆ ಲಗ್ನ ಅಂದ್ರೆ ಸೀದಾ ಮದುವೆನೇ. ಲಗ್ನಪತ್ರಿಕೆ ಅಂದ್ರೆ ಕೆಲವರಿಗೆ ಮುಹೂರ್ತ ಬರೆಯೋ ಶಾಸ್ತ್ರ, ಕೆಲವರಿಗೆ ಹಂಚೋ ಕಾರ್ಡು. ಟೈಪಿಂಗ್ ಅಂಗಡಿಯವರಿಗೆ ಸರ್ಟಿಫಿಕೇಟು.

ಸರಿ, ಈಗ ಮೊದಲನೇ ಪ್ರಶ್ನೆ. ಫಿಯಾನ್ಸೆಗೆ ಕನ್ನಡದಲ್ಲಿ ಏನು? ಪೇಪರ್‌ನವರು ‘ಭಾವಿ ಪತಿ’, ‘ಭಾವಿ ಪತ್ನಿ’ ಅಂತಾರೆ, ಇಬ್ಬರೂ ಗಂಡಸರಾದಾಗ ಇಬ್ಬರೂ ಭಾವಿ ಪತಿಗಳು ಅನ್ನಬೇಕಾಗುತ್ತೆ, ಬರೆದು ನೋಡಿದೆ, ನಗು ಬಂತು. ‘ವಾಗ್ದತ್ತೆ’ ಹೆಣ್ಣಿಗೇ ಮೀಸಲು, ಅದೂ ಅಪ್ಪ ಮಾತು ಕೊಟ್ಟಿದ್ದು, ಅವಳದೇನೂ ಇಲ್ಲ. ‘ವಾಗ್ದತ್ತ’ ಅಂತ ಮಾಡಿದ್ರೆ ಎಲೆಕ್ಷನ್ ವಾಗ್ದಾನ ನೆನಪಾಗುತ್ತೆ. ನಮ್ಮಜ್ಜಿ ‘ಗೊತ್ತಾಗಿರೋ ಹುಡುಗ’ ಅಂತಿದ್ರು, ಮದುವೆ ಗೊತ್ತು ಮಾಡೋದು ಅಂತೀವಲ್ಲ ಅದರಿಂದ ಬಂದಿದ್ದು. ನನಗೆ ಇದೇ ತುಂಬಾ ಇಷ್ಟ, ಆದ್ರೆ ಇದನ್ನ ಅಂಗಡಿಗೆ ಕೊಟ್ರೆ ‘ಪರಿಚಯದ ಹುಡುಗ’ ಅಂತ ಅನುವಾದ ಮಾಡಿ ಕೊಡ್ತಾರೆ, ಆಗ ಬೇರೆ ಥರ ಮುಳುಗುತ್ತೆ ಕೇಸು.

ಥಾಯ್‌ನಲ್ಲಿ ಈ ತಾಪತ್ರಯ ಇಲ್ಲ ಅನ್ನೋದು ಹೊಟ್ಟೆಕಿಚ್ಚಿನ ವಿಷಯ. ಫಿಯಾನ್ಸೆಗೆ ‘ಖೂ ಮನ್’, ಖೂ ಅಂದ್ರೆ ಜೋಡಿ, ಮನ್ ಅಂದ್ರೆ ನಿಶ್ಚಯ, ಗಂಡು ಹೆಣ್ಣು ಭೇದ ಇಲ್ಲ. ಮದುವೆ ಆದವರಿಗೆ ‘ಖೂ ಸೊಮ್ರೊತ್’. ಈ ಸೊಮ್ರೊತ್ ಏನಪ್ಪಾ ಅಂತ ಹುಡುಗನ ಹತ್ರ ಬರೆಸಿ ನೋಡಿದ್ರೆ ಅಕ್ಷರಗಳು ಸ, ಮ, ರ, ಸ! ನಮ್ಮ ಸಮರಸನೇ, ಅವರು ಕೊನೆಯ ಸ-ನ ತ್ ಅಂತ ಉಚ್ಚರಿಸ್ತಾರೆ ಅಷ್ಟೇ. ಗಂಡನಿಗೆ ‘ಸಾಮಿ’, ಅಂದ್ರೆ ಸ್ವಾಮಿ, ಹೆಂಡತಿಗೆ ‘ಫನ್ರಯಾ’, ಅಂದ್ರೆ ಭಾರ್ಯೆ. 2025ರ ಜನವರಿ 23ರಿಂದ ಜಾರಿಗೆ ಬಂದ ಅವರ ಹೊಸ ಮದುವೆ ಕಾನೂನಿನಲ್ಲಿ ಗಂಡ-ಹೆಂಡತಿ ಅಂತ ಇದ್ದ ಕಡೆ ಈ ಸಮರಸದ ಜೋಡಿ ಅನ್ನೋ ಪದ ಬಂದಿದೆ, ಹಾಗಾಗಿ ಇಬ್ಬರು ಗಂಡಸರೂ ಆಂಫೋಗೆ ಹೋಗಿ ನೋಂದಣಿ ಮಾಡಿಸಬಹುದು. ಅದಕ್ಕೆ ಮುಂಚೆ ಅಲ್ಲಿ ಆಗ್ತಿರಲಿಲ್ಲ, ಹಾಗಾಗೇ ತಮ್ಮ ಮೊದಲಿಂದ ಕೆ-1, ಕೆ-1 ಅಂತ ಜಪ ಮಾಡ್ತಿದ್ದಿದ್ದು. ನಮ್ಮಲ್ಲಂತೂ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಬೆಂಗಳೂರಲ್ಲಿ ರಿಜಿಸ್ಟರ್ ಮಾಡಿಸೋ ಮಾತೇ ಇಲ್ಲ.

ನನ್ನನ್ನ ಕೇಳಿದ್ರೆ ಅವರು ಸುಮ್ಮನೆ ಆಂಫೋಗೆ ಹೋಗಿ ಸಮರಸ ಮಾಡಿಕೊಂಡು ಸಿಆರ್-1 ಹಾಕ್ಲಿ. ಅಮೆರಿಕನ್ ಎಂಬಸಿಯಿಂದ ಮದುವೆಗೆ ಅಡ್ಡಿ ಇಲ್ಲ ಅನ್ನೋ ಕಾಗದ, ಅದರ ಥಾಯ್ ಅನುವಾದ, ಅದಕ್ಕೆ ವಿದೇಶಾಂಗ ಇಲಾಖೆ ಮೊಹರು, ಇಷ್ಟು ಓಡಾಟ. ಒಂದು ವಾರ ರಜ ಹಾಕಿದ್ರೆ ಸಾಲದಾ? ಆಗ ಅಮ್ಮ ಅಳಿಯ ಅಂತ ಧೈರ್ಯವಾಗಿ ಬರೀಬಹುದು, ಫಿಯಾನ್ಸೆಗೆ ಪದ ಹುಡುಕೋ ಕಷ್ಟವೇ ಇರಲ್ಲ. ಆದ್ರೆ ತಮ್ಮನಿಗೆ ಮದುವೆ ಅಮೆರಿಕಾದಲ್ಲಿ ಫ್ರೆಂಡ್ಸ್ ಮುಂದೆನೇ ಆಗಬೇಕು ಅಂತ ಆಸೆ. ಥಾಯ್ಲೆಂಡಲ್ಲಿ ರಿಜಿಸ್ಟರ್ ಮಾಡಿ ಅಲ್ಲಿ ಹೋಗಿ ಊಟ ಹಾಕ್ಸೋ ಅಂದೆ, ಇನ್ನೂ ಯೋಚನೆ ಮಾಡ್ತಿದಾನೆ.

ಅಂದಹಾಗೆ ಈ ಫಾರಂಗಳ ಕನ್ನಡ ಮಾಡೋಕೆ ಕೂತ್ರೆ ಒಳ್ಳೇ ಟೈಂಪಾಸು. ಅರ್ಜಿ ಯಾರಿಗೋಸ್ಕರವೋ ಅವರು ಬೆನಿಫಿಷಿಯರಿ, ಅಂದ್ರೆ ‘ಫಲಾನುಭವಿ’, ಅಮ್ಮ ಕೇಳಿದ್ರು ಅವನಿಗೂ ತಿಂಗಳಿಗೆ ಎರಡು ಸಾವಿರ ಬರುತ್ತಾ ಅಂತ. ಖರ್ಚು ನೋಡ್ಕೋತೀನಿ ಅಂತ ಬರೆದುಕೊಡೋ ಸ್ಪಾನ್ಸರ್‌ನ ‘ಪ್ರಾಯೋಜಕ’ ಅಂದ್ರೆ ಟೀವಿ ಧಾರಾವಾಹಿ ಥರ ಆಗುತ್ತೆ, ‘ಜಾಮೀನುದಾರ’ ಅನ್ನೋದೇ ಸರಿ, ಸಿಆರ್-1ರಲ್ಲಿ ಅದು ಕಾನೂನು ಪ್ರಕಾರ ಕಟ್ಟಿಹಾಕೋ ಕರಾರು. ಮದುವೆಗೆ ಎರಡು ವರ್ಷ ತುಂಬಿಲ್ಲ ಅಂದ್ರೆ ಮೊದಲ ಗ್ರೀನ್ ಕಾರ್ಡು ಎರಡು ವರ್ಷಕ್ಕೆ ಮಾತ್ರ, ‘ಷರತ್ತುಬದ್ಧ’. ಷರತ್ತುಬದ್ಧ ಅಂದ್ರೆ ನಮ್ಮಲ್ಲಿ ಮುಂದಿನ ಪದ ಜಾಮೀನೇ. ಇನ್ನು ಫಾರಂ ಹೆಸರಲ್ಲೇ ಇರೋ ‘ಏಲಿಯನ್’ಗೆ ನಾನು ‘ಪರದೇಶಿ’ ಅಂದೆ, ಅಮ್ಮ ಬೈದ್ರು, ತಂದೆ ತಾಯಿ ಇರೋ ಹುಡುಗನ್ನ ಪರದೇಶಿ ಅಂತೀಯಾ ಅಂತ.

ಎರಡನೇ ಪ್ರಶ್ನೆ, ಇದು ನಿಜವಾಗಲೂ ಅವಸರದ್ದು. ಕೆ-1 ಆದ್ರೂ ಸಿಆರ್-1 ಆದ್ರೂ ಪತ್ರ ಮತ್ತೆ ಬರೆಸಬೇಕು, ಅನುವಾದ ಈ ಸಲ ನಾನೇ ಮಾಡ್ತೀನಿ. ಲಗ್ನಪತ್ರಿಕೆ ಬದಲು ‘ಎಲೆ ಅಡಿಕೆ ಶಾಸ್ತ್ರ’ ಅನ್ನೋಕೆ ಅಮ್ಮ ಒಪ್ಪಿದಾರೆ, ಅದು ನಿಶ್ಚಯವೇ ಹೊರತು ಮದುವೆ ಅಲ್ಲ ಅಂತ ಎಲ್ಲರಿಗೂ ಗೊತ್ತು. (ಥಾಯ್ ಗಂಡಿನ ಕಡೆಯವರು ಮೆರವಣಿಗೆಯಲ್ಲಿ ತರೋದಕ್ಕೂ ‘ಖನ್ ಮಾಕ್’ ಅಂತಾನೇ ಹೆಸರು, ಅಂದ್ರೆ ಅಡಿಕೆ ಬಟ್ಟಲು. ಅಡಿಕೆ ತೋಟದವರಾದ ನಮಗೆ ಇದು ಕೇಳಿ ಆದ ಖುಷಿ ಅಷ್ಟಿಷ್ಟಲ್ಲ.) ಕಂಕಣದ ಜಾಗಕ್ಕೆ ಮಾತ್ರ ಪದ ಸಿಕ್ತಿಲ್ಲ. ‘ದಾರ’ ಅಂತ ಬರೀರಿ ಅಂದೆ, ಹೂ ಕಟ್ಟೋದಕ್ಕೂ ದಾರ ಅದಕ್ಕೂ ದಾರನಾ ಅಂತ ಅಮ್ಮ ಪೆನ್ನು ಕೆಳಗಿಟ್ರು. ‘ರಕ್ಷೆ ಕಟ್ಟಿದರು’ ಅಂತ ಬರೆದ್ರೆ ನಡೆಯುತ್ತಾ? ನಿಮ್ಮ ಕಡೆ ರಕ್ಷೆ ಅಂದ್ರೆ ಮಕ್ಕಳಿಗೆ ದೃಷ್ಟಿ ಆಗದ ಹಾಗೆ ಕಟ್ಟೋದು ಮಾತ್ರನಾ, ದೊಡ್ಡವರ ಕೈಗೆ ಆಶೀರ್ವಾದ ಅಂತ ಕಟ್ಟೋದಕ್ಕೂ ಹೇಳ್ತೀರಾ? ಭಾನುವಾರದೊಳಗೆ ಹೇಳಿದ್ರೆ ಉಪಕಾರ ಆಗುತ್ತೆ, ಸೋಮವಾರ ಅಮ್ಮ ಮತ್ತೆ ಬರೆಯೋಕೆ ಕೂರ್ತಾರೆ.