ವಿದೇಶದಲ್ಲಿ ರೋಮಿಂಗ್ ಶುಲ್ಕ: ಅನುಭವಸ್ಥರು ದಯವಿಟ್ಟು ತಿಳಿಸಿ

ಮುಂಬೆಳಗು: ನನ್ನ ತಂದೆತಾಯಿ ಮೊದಲ ಬಾರಿಗೆ ವಿದೇಶಕ್ಕೆ ಹೊರಟಿದ್ದಾರೆ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ನೋಡಿಕೊಂಡು ಆಮೇಲೆ ಹಡಗಿನ ಪ್ರಯಾಣ. ಬ್ಯಾಂಕಿನ ಒಟಿಪಿ ಬರಬೇಕಾದ್ದರಿಂದ ಈಗಿರುವ ಸಿಮ್ ತೆಗೆದಿಡುವಂತಿಲ್ಲ. ಡೇಟಾ ರೋಮಿಂಗ್ ಆಫ್ ಮಾಡಿದರೆ ಸಾಕು, ಏನೂ ಶುಲ್ಕ ಬೀಳುವುದಿಲ್ಲ ಎಂದು ಗ್ರಾಹಕ ಸೇವೆಯವರು ಹೇಳುತ್ತಾರೆ. ಇದು ನಿಜವೇ? ಅನಿರೀಕ್ಷಿತ ಬಿಲ್ ಬಂದವರು ಇದ್ದರೆ ದಯವಿಟ್ಟು ತಿಳಿಸಿ.

ಲೆಕ್ಕಿಗ: ನಿಜವಲ್ಲ. ನನ್ನ ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಆಗಿತ್ತು, ನಾನು ಒಂದು ಕರೆಯನ್ನೂ ಮಾಡಿರಲಿಲ್ಲ, ಬಂದ ಕರೆಗಳನ್ನು ಎತ್ತಿರಲೂ ಇಲ್ಲ. ಆದರೂ ತಿಂಗಳ ಮಾಮೂಲು ಬಿಲ್ಲಿನ ಏಳು ಪಟ್ಟು ಮೊತ್ತ ಬಂದಿತು. ವಿವರಪಟ್ಟಿ ತರಿಸಿ ಒಂದೊಂದು ಸಾಲನ್ನೂ ಓದಿದಾಗ ಪ್ರತಿಯೊಂದು ತಪ್ಪಿದ ಕರೆಗೂ ಎರಡೆರಡು ಸಾಲುಗಳಿದ್ದವು: ಒಂದು, ರೋಮಿಂಗ್‌ನಲ್ಲಿ ಒಳಬಂದ ಕರೆ, ಇನ್ನೊಂದು, ಅದೇ ನಿಮಿಷದಲ್ಲಿ ವಿದೇಶದಿಂದ ನನ್ನದೇ ವಾಯ್ಸ್‌ಮೇಲ್ (ಎತ್ತದ ಕರೆಯ ಸಂದೇಶವನ್ನು ದಾಖಲಿಸಿಕೊಳ್ಳುವ ಸೇವೆ) ಸಂಖ್ಯೆಗೆ ಹೋದ ಅಂತರರಾಷ್ಟ್ರೀಯ ಕರೆ. ಫೋನ್ ಅಲ್ಲಿನ ಜಾಲದಲ್ಲಿ ನೋಂದಾಯಿತವಾಗಿರುವಾಗ ಕರೆ ಮೊದಲು ಆ ದೇಶಕ್ಕೆ ಹೋಗುತ್ತದೆ, ಎತ್ತದಿದ್ದರೆ ಅಲ್ಲಿಂದ ವಾಯ್ಸ್‌ಮೇಲ್‌ಗೆ ಮರಳುತ್ತದೆ, ಹೋದ ದಾರಿಗೂ ಬಂದ ದಾರಿಗೂ ನಾವೇ ತೆರಬೇಕು. ಹನ್ನೊಂದು ಸೆಕೆಂಡಿನ ಮೌನವನ್ನೂ ಪೂರ್ತಿ ನಿಮಿಷವೆಂದು ಎಣಿಸಿದ್ದರು. ‘ಡೇಟಾ ಆಫ್ ಮಾಡಿದರೆ ಸಾಕು’ ಎಂದು ಹೇಳುವವರು ಇದನ್ನು ಏಕೆ ಮರೆಮಾಚುತ್ತಾರೆ ಎಂಬುದು ನನಗೆ ಇಂದಿಗೂ ನೋವಿನ ಪ್ರಶ್ನೆ.

ಎರಡು ಸಿಮ್: ನಾನು ಹಲವು ವರ್ಷಗಳಿಂದ ರೋಮಿಂಗ್ ಪ್ಯಾಕ್‌ಗಳ ಗೊಡವೆಗೆ ಹೋಗಿಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಪ್ರವಾಸಿಗರ ಇ-ಸಿಮ್ (ಇಂಟರ್ನೆಟ್ ಮೂಲಕ ಫೋನಿಗೆ ಇಳಿಸಿಕೊಳ್ಳುವ ಸಿಮ್) ಕೊಂಡು, ಹೊರಡುವ ಮೊದಲೇ ಮನೆಯ ವೈ-ಫೈನಲ್ಲಿ ಅಳವಡಿಸಿಕೊಂಡು, ಡೇಟಾಕ್ಕೆ ಅದನ್ನೇ ಆಯ್ದು, ಹಳೆಯ ಸಿಮ್ ಅನ್ನು ಎಸ್ಸೆಮ್ಮೆಸ್ಸಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಅಳವಡಿಸಲು ಇಂಟರ್ನೆಟ್ ಬೇಕು, ಆದ್ದರಿಂದ ವಿಮಾನ ಇಳಿದ ಮೇಲೆ ನೋಡೋಣ ಎನ್ನುವವರು ಪೇಚಿಗೆ ಸಿಲುಕುತ್ತಾರೆ. ಒಮ್ಮೆ ಅಳಿಸಿದರೆ ಅದೇ ಇ-ಸಿಮ್ ಅನೇಕ ಸಲ ಮತ್ತೆ ಅಳವಡಿಕೆಯಾಗುವುದಿಲ್ಲ ಎಂಬುದೂ, ಒಂದೇ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಲಾಕ್ ಆಗಿರುವ ಫೋನಿನಲ್ಲಿ ಇದು ನಡೆಯುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಇಷ್ಟು ಸರಳ ದಾರಿ ಇರುವಾಗ ಏಳು ಪಟ್ಟು ಬಿಲ್ ಕಟ್ಟಿದವರು ಗ್ರಾಹಕ ಸೇವೆಯನ್ನು ದೂರುವುದು ನನಗೆ ಸರಿಕಾಣುವುದಿಲ್ಲ.

ಲೆಕ್ಕಿಗ: ಮಾನ್ಯರೇ, ನೀವು ನನ್ನ ಬರಹವನ್ನು ಓದಿಯೇ ಇಲ್ಲ. ನನ್ನ ಬಿಲ್ಲಿನಲ್ಲಿ ಡೇಟಾದ ಒಂದು ಸಾಲೂ ಇರಲಿಲ್ಲ. ನಿಮ್ಮ ಇ-ಸಿಮ್ ಇದ್ದಿದ್ದರೂ ಒಟಿಪಿಗಾಗಿ ಹಳೆಯ ಸಿಮ್ ಜಾಲದಲ್ಲಿ ಇರಲೇಬೇಕಾಗಿತ್ತು, ಇದ್ದರೆ ತಪ್ಪಿದ ಕರೆಗಳೆಲ್ಲ ಹಾಗೆಯೇ ವಾಯ್ಸ್‌ಮೇಲ್‌ಗೆ ಹೋಗುತ್ತಿದ್ದವು. ಎಸ್ಸೆಮ್ಮೆಸ್ಸಿಗೆ ಮಾತ್ರ ಎಂದು ನೀವು ಅಂದುಕೊಂಡಿದ್ದೀರಿ. ನಿಮಗೆ ಕರೆ ಮಾಡುವವರಿಗೆ ಅದು ತಿಳಿಯುವುದು ಹೇಗೆ?

ಸಾಗರಯಾನಿ: ಹಡಗು ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಹೊರಡುವ ಮೊದಲು ನಾವು ಇಳಿಯಲಿದ್ದ ಪ್ರತಿಯೊಂದು ದೇಶವನ್ನೂ ಪ್ಯಾಕ್‌ನ ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಿದ್ದರು; ಎಲ್ಲವೂ ಇದ್ದವು. ಬಂದರು ಬಿಟ್ಟು ಸ್ವಲ್ಪ ಹೊತ್ತಿಗೆ ದಡದ ಜಾಲ ಮರೆಯಾಗಿ, ಹಡಗಿನದೇ ಜಾಲ ಫೋನಿಗೆ ಸಿಕ್ಕಿತು. ಆ ಜಾಲ ಉಪಗ್ರಹದ ಮೂಲಕ ನಡೆಯುತ್ತದೆ ಮತ್ತು ಯಾವ ದೇಶಕ್ಕೂ ಸೇರಿದ್ದಲ್ಲ. ಅದನ್ನು ಗುರುತಿಸುವ ಸಂಖ್ಯೆ ಶುರುವಾಗುವುದೇ 901ರಿಂದ, ಅದು ಅಂತರರಾಷ್ಟ್ರೀಯ ಜಾಲಗಳಿಗೆಂದು ಮೀಸಲಿಟ್ಟ ಸಂಖ್ಯೆ. ದೇಶಗಳ ಪಟ್ಟಿಯ ಪ್ಯಾಕ್ ಅಲ್ಲಿ ಅನ್ವಯಿಸಲಿಲ್ಲ. ಫೋಟೋಗಳ ಬ್ಯಾಕಪ್ ತಾನಾಗಿಯೇ ನಡೆಯುತ್ತಿತ್ತು. ನಾವು ಮಲಗಿದ್ದಾಗ 38 ಎಂಬಿ ಹೋಯಿತು, ಮತ್ತೆ ತಿಂಡಿಯ ಹೊತ್ತಿಗೆ 6 ಎಂಬಿ. ಈ ಎರಡು ಸಾಲುಗಳಿಗೆ ಬಿದ್ದ ಮೊತ್ತ ನಮ್ಮ ಹಡಗಿನ ಟಿಕೆಟ್ಟಿನ ಮೂರನೇ ಒಂದು ಭಾಗಕ್ಕೆ ಸಮ. ಹಡಗು ಹತ್ತುವಾಗ ಕೊಟ್ಟ ಕಾಗದಗಳ ಕಟ್ಟಿನಲ್ಲಿ ಊಟದ ವೇಳೆ, ಈಜುಕೊಳದ ನಿಯಮ ಎಲ್ಲವೂ ಇದ್ದವು, ಇದೊಂದು ಇರಲಿಲ್ಲ. ತಂದೆತಾಯಿಗೆ ಒಂದೇ ಮಾತು ಹೇಳಿ: ಹಡಗು ದಡ ಬಿಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಾದರೆ ವೈ-ಫೈ ಮಾತ್ರ ಆನ್ ಮಾಡಿಕೊಳ್ಳಲಿ.

ಜಾಲದೊಳಗಿದ್ದವ: ನಾನು ಬಹಳ ಕಾಲ ಮೊಬೈಲ್ ಕಂಪನಿಯೊಂದರ ರೋಮಿಂಗ್ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನು. ಇಲ್ಲಿ ಎಲ್ಲರೂ ಕಂಪನಿಯನ್ನು ಕಳ್ಳನಂತೆ ನೋಡುತ್ತಿರುವುದರಿಂದ ಎರಡು ಮಾತು. ನೀವು ಭೇಟಿ ಕೊಟ್ಟ ದೇಶದ ಕಂಪನಿ ಬಳಕೆಯ ವಿವರವನ್ನು ಟ್ಯಾಪ್ ಎಂಬ ಕಡತಗಳಲ್ಲಿ ನಿಮ್ಮ ಕಂಪನಿಗೆ ಕಳುಹಿಸುತ್ತದೆ. ಅವು ಕೆಲವೊಮ್ಮೆ ದಿನಗಟ್ಟಲೆ ತಡವಾಗಿ ಬರುತ್ತವೆ, ಆದ್ದರಿಂದಲೇ ಮನೆಗೆ ಮರಳಿದ ಮೇಲೂ ಬಿಲ್ ಬೆಳೆಯುತ್ತಾ ಹೋಗುತ್ತದೆ. ಆ ಹಣದ ಒಂದು ಪಾಲನ್ನು ನಿಮ್ಮ ಕಂಪನಿ ಹೊರಗಿನ ಕಂಪನಿಗೆ ಕಟ್ಟಬೇಕು, ಹಡಗಿನ ಜಾಲಕ್ಕಂತೂ ದುಬಾರಿ ದರದಲ್ಲಿ ಕಟ್ಟಬೇಕು. ಪ್ರೀಪೇಯ್ಡ್ ಗ್ರಾಹಕರ ವಿಷಯ ಬೇರೆ. ಅವರ ಖಾತೆಯಿಂದ ಬಳಸುವಾಗಲೇ ಹಣ ಕಡಿತವಾಗುತ್ತದೆ, ಹಣ ಮುಗಿದರೆ ಸೇವೆ ನಿಲ್ಲುತ್ತದೆ. ಹಿರಿಯರಿಗೆ ಪ್ರೀಪೇಯ್ಡ್ ಸಂಖ್ಯೆಯೇ ಕ್ಷೇಮ ಎಂದು ನಾನು ಕೌಂಟರಿನಲ್ಲಿ ಹೇಳಿದಾಗ ಮೇಲಿನವರು ನನ್ನನ್ನು ಗದರಿದ್ದುಂಟು.

ಸಾಗರಯಾನಿ: ತಡವಾಗಿ ಬರುವ ಕಡತದ ಕಥೆಯನ್ನು ನಮಗೂ ಹೇಳಿದ್ದರು. ಹಾಗಾದರೆ ಐರೋಪ್ಯ ಒಕ್ಕೂಟದಲ್ಲಿ 2010ರಿಂದ ಮಿತಿ ಜಾರಿಯಲ್ಲಿರುವುದು ಹೇಗೆ? ಅಲ್ಲಿನ ಗ್ರಾಹಕರಿಗೆ ತಿಂಗಳಿಗೆ ತೆರಿಗೆ ಬಿಟ್ಟು 50 ಯೂರೋ ತಲುಪಿದೊಡನೆ ರೋಮಿಂಗ್ ಡೇಟಾ ನಿಲ್ಲುತ್ತದೆ, ಶೇ. 80 ಆದಾಗಲೇ ಎಚ್ಚರಿಕೆ ಬರುತ್ತದೆ. ಕಾನೂನು ಬೆನ್ನು ಹತ್ತಿದಾಗ ಲೆಕ್ಕ ಬೇಗ ಸಿಗುತ್ತದೆ, ಇಲ್ಲದಿದ್ದಾಗ ತಡವಾಗುತ್ತದೆ. ನಿಮ್ಮ ವಿಭಾಗದವರ ಅಸಹಾಯಕತೆಯನ್ನು ನಾನು ನಂಬಲಾರೆ.

ಜಾಲದೊಳಗಿದ್ದವ: ನಾನು ಅಸಹಾಯಕತೆ ಎಂದಿಲ್ಲ, ವ್ಯವಸ್ಥೆ ಹೀಗಿದೆ ಎಂದೆ. ಗದರಿಸಿಕೊಂಡವನನ್ನೇ ನೀವು ಮತ್ತೆ ಗದರುವುದು ನ್ಯಾಯವಲ್ಲ.

ಗಡಿಯಂಚು: ಐರೋಪ್ಯ ಒಕ್ಕೂಟದ ಹೆಸರು ಬಂದಿತು, ಆದರೆ ಸ್ವಿಟ್ಜರ್ಲೆಂಡ್ ಅದರ ಸದಸ್ಯ ದೇಶವಲ್ಲ. ಆ ಒಕ್ಕೂಟದೊಳಗೆ 2017ರ ಜೂನ್ 15ರಂದು ಹೆಚ್ಚುವರಿ ರೋಮಿಂಗ್ ಶುಲ್ಕ ರದ್ದಾಯಿತು, 2022ರಲ್ಲಿ ಆ ನಿಯಮವನ್ನು 2032ರವರೆಗೆ ವಿಸ್ತರಿಸಿದರು. ಇದರ ಲಾಭ ಅಲ್ಲಿನ ಸಿಮ್ ಇದ್ದವರಿಗೆ, ಅದೂ ಒಕ್ಕೂಟ ಮತ್ತು ಅದರ ಜೊತೆ ಸೇರಿಕೊಂಡ ಕೆಲವು ದೇಶಗಳ ಒಳಗೆ ಮಾತ್ರ. ನಾನು ಫ್ರಾನ್ಸಿನ ಸಿಮ್ ಹಾಕಿಕೊಂಡು ಜಿನೀವಾ ಸರೋವರದ ಫ್ರೆಂಚ್ ದಡದಲ್ಲಿರುವ ಎವಿಯಾನ್‌ನಲ್ಲಿ ತಂಗಿದ್ದೆ. ಕೋಣೆಯ ಕಿಟಕಿ ನೀರಿನ ಕಡೆಗಿತ್ತು. ಎದುರು ದಡದ ಸ್ವಿಸ್ ಗೋಪುರದ ಸಂಕೇತ ನೀರಿನ ಮೇಲೆ ಅಡ್ಡಿಯಿಲ್ಲದೆ ಬಂದು ನನ್ನ ಫೋನನ್ನು ಸೆಳೆದುಕೊಂಡಿತು. ಫ್ರಾನ್ಸಿನ ನೆಲದ ಮೇಲೆ ನಿಂತು ಸ್ವಿಟ್ಜರ್ಲೆಂಡಿನ ಶುಲ್ಕ ತೆತ್ತೆ. ಒಂದು ನಕ್ಷೆ ತೆರೆದದ್ದಕ್ಕೆ ಇಷ್ಟು, ಒಂದು ಇಮೇಲಿನ ಲಗತ್ತಿಗೆ ಇಷ್ಟು, ಹಿನ್ನೆಲೆಯಲ್ಲಿ ನಡೆದ ಆ್ಯಪ್ ನವೀಕರಣಕ್ಕೆ ಎಲ್ಲಕ್ಕಿಂತ ಹೆಚ್ಚು. ಜಾಲದ ಆಯ್ಕೆಯನ್ನು ತಾನಾಗಿ ಬದಲಾಗದಂತೆ ಕೈಯಾರೆ ನಿಗದಿಪಡಿಸುವುದೊಂದೇ ದಾರಿ. ಇದರ ಜೊತೆಗೆ, ನನ್ನ ಗೆಳೆಯರ ಐಫೋನಿನಲ್ಲಿ ವೈ-ಫೈ ದುರ್ಬಲವಾದಾಗ ಮೊಬೈಲ್ ಡೇಟಾಕ್ಕೆ ಹಾರುವ ವೈ-ಫೈ ಅಸಿಸ್ಟ್ ಎಂಬ ಸೌಲಭ್ಯವೇ ಬಿಲ್ ಏರಿಸಿತು.

ಎರಡು ಸಿಮ್: ಕೊನೆಯ ಮಾತು ತಪ್ಪು, ದಯವಿಟ್ಟು ಹರಡಬೇಡಿ. ಡೇಟಾ ರೋಮಿಂಗ್‌ನಲ್ಲಿರುವಾಗ ವೈ-ಫೈ ಅಸಿಸ್ಟ್ ಕೆಲಸ ಮಾಡುವುದಿಲ್ಲ ಎಂದು ಆ್ಯಪಲ್ ಕಂಪನಿಯೇ ಬರೆದಿದೆ. ನಿಮ್ಮ ಗೆಳೆಯರ ಬಿಲ್ಲಿಗೆ ಬೇರೆ ಕಾರಣ ಹುಡುಕಿ.

ಗಡಿಯಂಚು: ಇರಬಹುದು, ಆ ಮಾತನ್ನು ಬಿಡುತ್ತೇನೆ. ಆದರೆ ಎಲ್ಲರಿಗೂ ಪಾಠ ಹೇಳುವ ನೀವು ಹಡಗಿನ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ನಿಮ್ಮ ಇ-ಸಿಮ್‌ಗೂ ದೇಶಗಳ ಪಟ್ಟಿ ಇದೆಯಲ್ಲವೇ?

ಎರಡು ಸಿಮ್: ಇದೆ. ಪಟ್ಟಿಯಲ್ಲಿ ಇಲ್ಲದ ಕಡೆ ಅದು ಸುಮ್ಮನೆ ಕೆಲಸ ನಿಲ್ಲಿಸುತ್ತದೆ, ಬಿಲ್ ಕಳುಹಿಸುವುದಿಲ್ಲ. ನನ್ನ ವಾದ ಇಷ್ಟೇ: ಮುಂಗಡ ಹಣ ಮುಗಿದ ಮೇಲೆ ಸಾಲ ಹೊರಿಸುವ ಅವಕಾಶವೇ ಕಂಪನಿಗಳಿಗೆ ಇರಬಾರದು.

ಜಾಲದೊಳಗಿದ್ದವ: ಈ ಒಂದು ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ದಿನದ ಪ್ಯಾಕ್ ಕೊಂಡವರೂ ಷರತ್ತು ನೋಡಿಕೊಳ್ಳಿ. ಕೆಲವು ಕಂಪನಿಗಳ ‘ದಿನ’ ಮೊದಲ ಬಳಕೆಯಿಂದ 24 ಗಂಟೆ, ಕೆಲವರದು ಸ್ವದೇಶದ ಗಡಿಯಾರದ ಮಧ್ಯರಾತ್ರಿಗೇ ಮುಗಿಯುತ್ತದೆ. ಎರಡನೆಯ ಬಗೆಯಲ್ಲಿ ಒಂದೇ ಸಂಜೆಯ ಬಳಕೆಗೆ ಎರಡು ದಿನದ ಹಣ ಬೀಳಬಹುದು. ವೈ-ಫೈ ಕಾಲಿಂಗ್ ಇದ್ದರೆ ಕರೆ ಉಚಿತ ಎಂಬುದೂ ಎಲ್ಲ ಕಡೆ ಸತ್ಯವಲ್ಲ, ಅದನ್ನೂ ರೋಮಿಂಗ್ ಎಂದೇ ಎಣಿಸುವ ಕಂಪನಿಗಳಿವೆ.

ಮುಂಬೆಳಗು: ಎಲ್ಲರಿಗೂ ವಂದನೆಗಳು. ವಾಯ್ಸ್‌ಮೇಲ್ ಅನ್ನು ಇಲ್ಲಿಂದಲೇ ನಿಲ್ಲಿಸಬಹುದೇ?

ಲೆಕ್ಕಿಗ: ನಿಲ್ಲಿಸಬಹುದು, ಹೊರಡುವ ಮೊದಲೇ ನಿಲ್ಲಿಸಬೇಕು. ##002# ಎಂದು ಡಯಲ್ ಮಾಡಿದರೆ, ವಾಯ್ಸ್‌ಮೇಲ್‌ಗೆ ಹೋಗುವುದೂ ಸೇರಿ, ಎಲ್ಲ ಬಗೆಯ ಕರೆ ವರ್ಗಾವಣೆಗಳೂ ಅಳಿಯುತ್ತವೆ. ಆಮೇಲೆ ಇನ್ನೊಂದು ಫೋನಿನಿಂದ ಕರೆ ಮಾಡಿ, ಎತ್ತದೆ ಬಿಟ್ಟು, ವಾಯ್ಸ್‌ಮೇಲ್ ಬರುತ್ತದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಕೆಲವು ಕಂಪನಿಗಳು ಅದನ್ನು ತಮ್ಮ ಕಡೆಯಿಂದಲೇ ತೆಗೆಸಬೇಕೆನ್ನುತ್ತವೆ. ಒಂದು ವೇಳೆ ಬಿಲ್ ಬಂದೇ ಬಂದರೆ ಮೊತ್ತವನ್ನು ಮಾತ್ರ ನೋಡಿ ಜಗಳಕ್ಕೆ ನಿಲ್ಲಬೇಡಿ. ಪ್ರತಿ ಸಾಲಿನಲ್ಲೂ ಭೇಟಿ ನೀಡಿದ ಜಾಲದ ಹೆಸರು, ಶುರುವಾದ ವೇಳೆ, ಅವಧಿ ಇರುವ ವಿವರಪಟ್ಟಿಯನ್ನು ಲಿಖಿತವಾಗಿ ಕೇಳಿ. ಅಲ್ಲಿನ ವೇಳೆ ಸಾಮಾನ್ಯವಾಗಿ ಆ ದೇಶದ ಗಡಿಯಾರದ್ದಾಗಿರುತ್ತದೆ. ನಾನು ಜೋಡಿ ಸಾಲುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತಿಸಿ ಕಳುಹಿಸಿದ ಮೇಲೆ, ಮೂರು ಬಾರಿ ನಿರಾಕರಿಸಿದ್ದವರು ವಾಯ್ಸ್‌ಮೇಲ್‌ನ ಅಷ್ಟೂ ಹಣವನ್ನು ಮುಂದಿನ ತಿಂಗಳ ಬಿಲ್ಲಿನಲ್ಲಿ ಕಳೆದುಕೊಟ್ಟರು. ಒಳಬಂದ ಕರೆಗಳ ಹಣ ಮಾತ್ರ ಇನ್ನೂ ಬಂದಿಲ್ಲ, ಅದಕ್ಕಾಗಿ ಬರೆದ ಪತ್ರಕ್ಕೆ ಉತ್ತರವೂ ಇಲ್ಲ.