ಸಿಗ್ನಲ್‌ನಲ್ಲಿ ಮುಗ್ಗರಿಸುವ ಹಳೆ ಕಾರು: ನಾವು ಕಂಡಿದ್ದು

1998ರ ಮಾರುತಿ 800, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ. ಸಿಗ್ನಲ್ ಬಿಟ್ಟ ಕೂಡಲೇ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ, ಹೊಸ ಪ್ಲಗ್ ಹಾಕಿದರೂ ಹೋಗಿಲ್ಲ, ಇನ್ನೇನು ಬದಲಿಸಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಏನೂ ಬದಲಿಸಬೇಡಿ. ಒಂದು ವಾರ ಸುಮ್ನೆ ಓಡಿಸಿ, ಯಾವಾಗ ಮುಗ್ಗರಿಸುತ್ತದೆ ಅಂತ ಬರೆದಿಡಿ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಒಮ್ಮೆಲೇ ಒತ್ತಿದಾಗ ಮಾತ್ರವೋ, ಏರಿನಲ್ಲೂ ಹಾಗೆಯೋ?

ನೀವು ಹೇಳಿದಷ್ಟರಲ್ಲಿ ನನ್ನ ಮೊದಲ ಅನುಮಾನ ಕಾರ್ಬುರೇಟರ್‌ನ ಆಕ್ಸಿಲರೇಟರ್ ಪಂಪ್ ಮೇಲೆ. ಜೋರಾಗಿ ಒತ್ತಿದಾಗ ಗಾಳಿ ತಟ್ಟನೆ ಒಳಗೆ ನುಗ್ಗುತ್ತದೆ, ಪೆಟ್ರೋಲ್ ಅಷ್ಟು ಬೇಗ ಬರುವುದಿಲ್ಲ. ಆ ಕೊರತೆ ತುಂಬುವುದು ಈ ಪುಟ್ಟ ಪಂಪ್. ಅದರ ರಬ್ಬರ್ ಡಯಾಫ್ರಮ್ (ತೆಳು ಪೊರೆ) ವಯಸ್ಸಾದಂತೆ ಗಟ್ಟಿಯಾಗಿ ಬಿರಿಯುತ್ತದೆ. ನೋಡುವುದು ಸುಲಭ. ಎಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಗಾಳಿ ತಡೆಯುವ ಚೋಕ್ ಹಾಕಬೇಡಿ, ಹತ್ತಿರ ಬೆಂಕಿ ಬೇಡವೇ ಬೇಡ. ಏರ್ ಫಿಲ್ಟರ್ ಡಬ್ಬ ಬಿಚ್ಚಿ ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಇನ್ನೊಬ್ಬರು ಪೆಡಲ್ ಒತ್ತಲಿ. ಒತ್ತಿದ ತಕ್ಷಣ ದಾರದಂಥ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ, ಇಲ್ಲವೇ ಬರೀ ತೊಟ್ಟಿಕ್ಕಿದರೆ ರಿಪೇರಿ ಕಿಟ್ ಹಾಕಿಸಿ. ಇಡೀ ಕಾರ್ಬುರೇಟರ್ ಬದಲಿಸಿ ಅಂದರೆ ಅವಸರಪಟ್ಟು ಒಪ್ಪಬೇಡಿ.

ನನ್ನ ಗಾಡಿಯೂ ಹೀಗೇ ಮುಗ್ಗರಿಸುತ್ತಿತ್ತು, ಆದರೆ ಧಾರೆ ಸರಿಯಾಗೇ ಇತ್ತು. ಪ್ಲಗ್, ಪ್ಲಗ್ ವೈರ್, ಎರಡು ಸಲ ಟ್ಯೂನಿಂಗ್, ಎಲ್ಲ ಆಯಿತು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತೆಳು ವ್ಯಾಕ್ಯೂಮ್ (ಗಾಳಿ ಎಳೆತದ) ಪೈಪನ್ನು ಕಾರ್ಬುರೇಟರ್ ಕಡೆ ಕಳಚಿದರು. ತುದಿ ಒರೆಸಿ, ಬಾಯಿಂದ ಗಾಳಿ ಎಳೆದು ನಾಲಿಗೆ ಅಡ್ಡ ಒತ್ತಿದರು. ಸರಿಯಿದ್ದರೆ ಪೈಪ್ ನಾಲಿಗೆಗೆ ಅಂಟಿಕೊಂಡೇ ಇರಬೇಕು. ನನ್ನದು ಅಂಟಲೇ ಇಲ್ಲ. ಬಗ್ಗಿಸಿ ನೋಡಿದರೆ ತಿರುವಿನ ಅಡಿಯಲ್ಲಿ ಉಗುರಿನಷ್ಟು ಬಿರುಕು, ಮೇಲಿಂದ ಕಾಣುವಂತೆಯೇ ಇರಲಿಲ್ಲ. ಗೇಣುದ್ದ ರಬ್ಬರ್ ಪೈಪ್ ಹಾಕಿದ ಮೇಲೆ ಗಾಡಿ ಹಗುರಾಗಿ ಮುಂದೆ ಹೋಯಿತು. ಆ ದಿನದ ಖುಷಿ ಇನ್ನೂ ನೆನಪಿದೆ.

ನಮ್ಮ ಭಾವನ ಕಾರಿನದು ಬೇರೆ ಕಥೆ. ಊರೊಳಗೆ ಏನೂ ತೊಂದರೆಯಿಲ್ಲ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಐದು ನಿಮಿಷಕ್ಕೆ ಎಳೆತ ಸತ್ತುಹೋಗುತ್ತಿತ್ತು, ನಿಲ್ಲಿಸಿ ಹೊರಟರೆ ಮತ್ತೆ ಸರಿ. ಪೆಟ್ರೋಲ್ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆ ಮೇಲೆ ತಟ್ಟಿದರೆ ಕಾಫಿ ಪುಡಿಯಂಥ ತುಕ್ಕು ಬಿತ್ತು. ಟ್ಯಾಂಕ್ ತೊಳೆಸಿದ ಮೇಲೆಯೇ ನೆಮ್ಮದಿ. ಬರೀ ಫಿಲ್ಟರ್ ಬದಲಿಸಿದ್ದರೆ ತಿಂಗಳೊಳಗೆ ಮತ್ತೆ ಅದೇ ಪಾಡು.

ಇನ್ನೊಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆ ರಬ್ಬರ್‌ಗೂ ಒಗ್ಗುವುದಿಲ್ಲ. ನಿಮ್ಮ ಗಾಡಿ ವಾರಗಟ್ಟಲೆ ನಿಂತೇ ಇರುತ್ತದಾ? ಹಾಗಿದ್ದರೆ ಪೆಟ್ರೋಲ್ ಪೈಪ್‌ಗಳನ್ನೂ ಒಮ್ಮೆ ಕೈಯಲ್ಲಿ ಹಿಸುಕಿ ನೋಡಿ. ಮೊದಲು ಆ ಧಾರೆ ಹೇಗಿದೆ ಅಂತ ತಿಳಿಸಿ, ಮುಂದಿನದು ಅಲ್ಲಿಂದ ನೋಡೋಣ.